ತಿಮ್ಮಕ್ಕ ದೇವಿಗೆ ಹೇಳಿದ್ದು

ಬೇಡ ದೇವಿ, ಚಾ ಎಲ್ಲ ಬೇಡ... ನೀ ಏಳಬೇಡ, ಕೂತ್ಕೊ. ನಿನ್ನ ಮಗ ಸಂತೋಷ ಹೋಗಿ ಹದಿನಾಲ್ಕು ದಿವಸ ಆತು. ಇಷ್ಟು ದಿನ ಬರೂಕೆ ನಂಗೆ ಮುಖ ಇರ್ಲಿಲ್ಲ. ಬೈಯೇ ನಂಗೆ! ಕೊಂದವನ ಅವ್ವಿ ಬಂದಾಳೆ ಅಂತ ಕೂಗಿ ಹೇಳು, ತದಡಿ ಊರೆಲ್ಲ ಕೇಳ್ಲಿ!

ನನ್ನ ಗಣಪ ಮಾಡಿದ್ದು ಸರಿ ಅಂತ ನಾ ಹೇಳೂದಿಲ್ಲ. ಹದಿನೇಳು ವರ್ಷ! ಮೀಸೆ ಸರಿ ಮೂಡಿಲ್ಲ, ಕೈಲಿ ಚೂರಿ! ಪೊಲೀಸಪ್ಪ ಎಂತ ಹೇಳ್ದ ಗೊತ್ತುಂಟಾ? "ಮೊದ್ಲು ಹುಡುಗ್ರು ತೆಂಗಿನಕಾಯಿ ಕದ್ದು ಸಿಕ್ತಿದ್ರು. ಈಗ ಸರ ಕೀಳ್ತಾರೆ, ಚೂರಿ ಹಾಕ್ತಾರೆ. ಕುಮಟೆ, ಹೊನ್ನಾವರ, ಎಲ್ಲ ಕಡೆನೂ ಹೀಂಗೇ" ಅಂದ. ನಮ್ಮ ಮಕ್ಳಿಬ್ರೂ ಸೇರೇ ಅಲ್ವೇ ಧಾರೇಶ್ವರದಲ್ಲಿ ಒಬ್ಬ ಮುದುಕಿ ಸರ ಕಿತ್ತದ್ದು?... ಸಿಟ್ಟಾಗಬೇಡ! ನಿನ್ನ ಮಗ ಒಳ್ಳೆಯವ್ನೇ. ಸರ ವಾಪಸ್ ಕೊಟ್ಟು ಬರ್ವ ಅಂದನಂತೆ. ಅಷ್ಟಕ್ಕೇ ಜಗಳ. ಐಸ್ ಫ್ಯಾಕ್ಟರಿ ಹಿಂದೆ, ಹಾಡಹಗಲು ಮೂರು ಗಂಟೆಗೆ...

ಎಂತಕ್ಕೆ ಹಾಂಗೆ ನೋಡ್ತಿ? ಆಗ ನಾ ಪೇಟೆಲಿದ್ದೆ. ಕುಮಟೆಲಿ. ಸಂಜೆ ಬಸ್ಸಿಗೆ ಬಂದದ್ದು. ಪೊಲೀಸ್ ನಾಯಿ ವಾಸನೆ ಹಿಡಿದು ನಮ್ಮ ಅಂಗಳಕ್ಕೆ ಬಂತು ಅಂತ ಊರೆಲ್ಲ ಮಾತು... ಒಣಮೀನು ಹರವಿದ್ದೆ ದೇವಿ, ನಾಯಿ ಮತ್ತೆಲ್ಲಿ ಹೋಗೂದು? ಯಾರೂ ಬರ್ಲಿಲ್ಲ ನಮ್ಮನೆಗೆ. ಬಂದ್ರೂ... ಚಿಲಕ ಹಾಕಿದ್ದೆ, ಎಷ್ಟು ಬಡಿದ್ರೂ...

ಬೀಗ. ಬೀಗ ಅಂದೆ ನಾನು.

ನೋಡಬೇಡ್ವೇ ಹಾಂಗೆ! ಒಂದು ಮಾತಾಡೇ...

ಆತು. ಮನೆಲೇ ಇದ್ದೆ. ಗಣಪ ಓಡಿ ಬಂದು ನನ್ನ ಕಾಲು ಹಿಡ್ಕಂಡಿದ್ದ. ಕೈಯೆಲ್ಲ ರಕ್ತ. ಎಂತ ಆತು ಅಂತ ಕೇಳೂದ್ರೊಳಗೆ ಬಾಗಿಲು ಬಡಿದ ಸದ್ದು. "ತಿಮ್ಮತ್ತೆ, ತೆಗಿ..." ಧ್ವನಿ ಗೊತ್ತಾತು ನಂಗೆ. ಗೊತ್ತಾಗ್ದೇ ಇರ್ತದಾ? ನನ್ನ ಕೈಲಿ ಉಂಡು ಬೆಳೆದ ಹುಡುಗ! ತೆಗೆದ್ರೆ ನನ್ನ ಮಗ ಸಿಕ್ಕಿ ಬೀಳ್ತಾನೆ ಅಂತ... ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ ದೇವಿ. ಆಚೆಯಿಂದ ಅವನೂ ಒರಗಿದ್ದ. ಅವ ಉಸಿರು ಎಳೆದಾಗೆಲ್ಲ ಹಲಗೆ ನನ್ನ ಬೆನ್ನಿಗೆ ತಾಗ್ತಿತ್ತು. ಎಷ್ಟು ಹೊತ್ತೋ... ಆಮೇಲೆ ರಸ್ತೆ ಕಡೆ ಹೋದ. ಅಲ್ಲೇ ಬಿದ್ದ. ಫೋನು ಮಾಡೂಕೆ ಎದುರಿಗೇ ಎಸ್‌ಟಿಡಿ ಬೂತು ಇತ್ತು. ನಾ ಹೊರಗೇ ಬರ್ಲಿಲ್ಲ.

ಅರ್ಧ ಗಂಟೆ ಮುಂಚೆ ತಂದಿದ್ರೆ ಉಳೀತಿದ್ದ ಅಂದ್ರಲ್ಲ ಡಾಕ್ಟರು... ಹೌದೇ. ಆ ಅರ್ಧ ಗಂಟೆ ನನ್ನ ಬಾಗಿಲಲ್ಲಿತ್ತು.

ಕಡೆಗೆ ಎಂತಾದ್ರೂ ಹೇಳಿದ್ನಾ ಅಂತ ನೀ ಕಂಡಕಂಡವ್ರನ್ನೆಲ್ಲ ಕೇಳಿದ್ಯಂತೆ. ಅದು ನಂಗೊಬ್ಬಳಿಗೇ ಗೊತ್ತು.

"ಅತ್ತೆ, ಅವ್ವಿಗೆ ಹೇಳ್ಬೇಡ... ಹೆದರ್ತಾಳೆ" ಅಂದ, ಬಾಗಿಲಾಚೆಯಿಂದ.