ಕುಲುಮೆ ಮನೆಯ ಚಿಲಕ

ನಗ್ಬೇಡಿ ಮತ್ತೆ. ನಕ್ಕರೆ ಇಲ್ಲಿಗೇ ನಿಲ್ಲಿಸ್ತೀನಿ. ಇದು ಕಟ್ಟುಕತೆ ಅಲ್ಲ, ನಮ್ಮ ಸೋದರಮಾವನ ಕಿರೀ ಮಗನಿಗೆ ಆಗಿದ್ದು. ಅವನೂ ಅವನ ಅಣ್ಣನೂ ಕಮ್ಮಾರರು. ಮನೆಮಂದಿಗೆಲ್ಲ ಅಣ್ಣ ದೊಡ್ಡೋನು, ಇವನು ಚಿಕ್ಕೋನು.

ಆವತ್ತು ಚಿಕ್ಕೋನು ಯಾರದೋ ಮನೆಗೆ ಗೇಟು ಕೂರಿಸಿ ಬರೋ ಹೊತ್ತಿಗೆ ಗವ್ವನೆ ಕತ್ತಲು. ದಾರೀಲಿ ಹಳೇ ಬಾವಿ. ಕಟ್ಟೆ ಮೇಲೆ ಯಾರೋ ಕೂತಿದ್ದಾರೆ... ಹತ್ತಿರ ಹೋದ್ರೆ, ಅತ್ತಿಗೆ. ದೊಡ್ಡೋನ ಹೆಂಡತಿ. ಕಾಲು ಬಾವಿ ಒಳಗೆ ಇಳಿಬಿಟ್ಕೊಂಡು ಕೂತಿದ್ಲು.

"ಅತ್ತಿಗೆ... ಇಲ್ಯಾಕೆ?" ಅಂತ ಪಿಸುಗುಟ್ಟಿದ. ಜೋರಾಗಿ ಕರೆದ್ರೆ ಎಲ್ಲಿ ಬೆಚ್ಚಿ ಬೀಳ್ತಾಳೋ ಅಂತ ಭಯ.

"ಬರಬೇಡಿ ಅಂದೆ. ಬರಲೇ ಇಲ್ಲ."

"ಮನೆಗೆ ನಡೀರಿ."

"ನಾನೇ ಕೊಂದೆ ಅಲ್ವಾ?"

ದೊಡ್ಡೋನು ತಿಂಗಳ ಹಿಂದೆ ಕುಲುಮೆ ಮನೇಲಿ ಸತ್ತಿದ್ದ. ಆ ಸಂಜೆ ಗಂಡ ಹೆಂಡತಿ ಕಿತ್ತಾಡಿದ್ರು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ, ಇವರಿಗೆ ಉಣ್ಣೋ ಹೊತ್ತೇ ಬರಲಿಲ್ಲ. "ಆ ಕುಲುಮೆ ಜೊತೇನೇ ಬಾಳ್ವೆ ಮಾಡ್ಕೊಳ್ಳಿ, ಮನೆಗೆ ಬರಬೇಡಿ" ಅಂದುಬಿಟ್ಟಿದ್ಲು. ಬೆಳಗ್ಗೆ ನೋಡಿದ್ರೆ ಬಾಗಿಲಿಗೆ ಒಳಗಿಂದ ಚಿಲಕ, ಕುಲುಮೆಯ ಗ್ಯಾಸ್ ಸಿಲಿಂಡರ್ ಖಾಲಿ, ಅವನು ಕಬ್ಬಿಣ ಬಡಿಯೋ ಅಡಿಗಲ್ಲಿನ ಪಕ್ಕ ಮಲಗಿದ್ದಾನೆ. ಮೈಮೇಲೆ ಒಂದು ಗೀರೂ ಇಲ್ಲ. ಗ್ಯಾಸು ಸರಿಯಾಗಿ ಉರೀದೆ ಹೋದ್ರೆ ಮುಚ್ಚಿದ ಮನೇಲಿ ವಿಷ ತುಂಬುತ್ತೆ, ಆ ವಿಷಕ್ಕೆ ವಾಸನೇನೂ ಇರಲ್ಲ. ಅದು ದೊಡ್ಡೋನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬಾಗಿಲು ಹಾಕ್ಕೊಂಡ ಅಂದ್ಮೇಲೆ ಊರ ಬಾಯಿ ಮುಚ್ಚೋಕಾಗುತ್ತಾ? ಬೇಕಂತಲೇ ಸತ್ತ ಅಂದ್ರು. ಹೆಂಡತೀನೂ ಅದನ್ನೇ ನಂಬಿದ್ಲು.

ಅತ್ತಿಗೇನ ಕರ್ಕೊಂಡು ಬಂದು ಅಮ್ಮನ ಪಕ್ಕ ಮಲಗಿಸಿದ. ತನಗೆ ನಿದ್ದೆ ಎಲ್ಲಿಂದ ಬರಬೇಕು? ಈ ಹೆಂಗಸನ್ನ ಎಷ್ಟು ರಾತ್ರಿ ಅಂತ ಕಾಯೋದು? ಅಣ್ಣ ಚಿಲಕ ಯಾಕೆ ಹಾಕ್ದ ಅಂತ ತಿಳೀಲೇಬೇಕು. ಆವತ್ತಿಂದ ಬೀಗ ಜಡಿದಿದ್ದ ಕುಲುಮೆ ಮನೆ ತೆಗೆದ. ಹೊಸ ಸಿಲಿಂಡರ್ ಸಿಕ್ಕಿಸಿದ.

ಸ್ಸ್ಸ್... ಕಡ್ಡಿ ಗೀರಿದ. ಭುಸ್! ಆಮೇಲೆ ಭೊರ್ರ್ರ್ ಅಂತ ಉರಿ. ಪರವಾಗಿಲ್ಲ ಅಂದ್ಕೊಳ್ಳೋ ಅಷ್ಟರಲ್ಲಿ...

ಢಪ್!

ಉರಿ ಬರ್ನರ್ ಕೊಳವೆಯೊಳಗೆ ಹಿಂದಕ್ಕೆ ನೆಗೆದಿತ್ತು. ಆರಿಸಿ ಮತ್ತೆ ಹಚ್ಚಿದ. ಭೊರ್ರ್ರ್... ಢಪ್! ರೆಗ್ಯುಲೇಟರ್ ಏರಿಸಿದ, ಇಳಿಸಿದ. ಪೈಪಿಗೆ ಸೋಪಿನ ನೀರು ಹಚ್ಚಿ ನೋಡಿದ, ಒಂದು ಗುಳ್ಳೇನೂ ಏಳಲಿಲ್ಲ. ಢಪ್! "ಏನು ಬಂತೋ ನಿಂಗೆ ದೊಡ್ಡ ರೋಗ!" ಅಂತ ಕುಲುಮೇನ ಬೈದ.

ಹೊರಗೆ ಗಾಳಿ. ಬಾಗಿಲಿಂದ ನುಗ್ಗಿ ನೇರ ಬರ್ನರ್ ಬಾಯಿಗೇ ಬಡೀತಿತ್ತು. ಓಹೋ, ಇದಾ ಕಾಟ! ಬಾಗಿಲು ತಳ್ಳಿ ಚಿಲಕ ಹಾಕಿದ. ಉರಿ ಸ್ವಲ್ಪ ಪಳಗಿತು. ಒಂದೇ ನಿಮಿಷ ತಾನೇ, ಹದಕ್ಕೆ ಬಂದ ಮೇಲೆ ತೆಗೆದ್ರಾಯ್ತು ಅಂದ್ಕೊಂಡ.

ಖಟಕ್... ಕಿರ್ರ್ರ್.

ಬಾಗಿಲು ತೆರ್ಕೊಂಡಿತ್ತು. ಚಿಲಕ ಸಡಿಲ ಇರಬೇಕು ಅಂತ ಒತ್ತಿ ಹಾಕಿದ. ಈ ಕಡೆ ತಿರುಗೋದೇ ತಡ, ಮತ್ತೆ ಖಟಕ್. ಈಗ ಸಿಟ್ಟು ಬಂತು. ಇನ್ನೊಂದು ಸಲ ಹಾಕಿ, ಅದನ್ನೇ ದಿಟ್ಟಿಸ್ತಾ ನಿಂತ. ತಲೆ ಕಲ್ಲಿನ ಹಾಗೆ ಭಾರ ಆಗ್ತಿತ್ತು, ಅದರ ಕಡೆ ಗಮನ ಇಲ್ಲ. ಚಿಲಕ ಮೆಲ್ಲಗೆ... ಅವನ ಕಣ್ಣೆದುರಿಗೇ... ಸರ್ರ್ ಅಂತ ಸರೀತು. ಮುಟ್ಟಿದ ಕೈ ಮಾತ್ರ ಕಾಣಲಿಲ್ಲ.

"ಅಣ್ಣಾ?"

"ಹಾಕ್ಬೇಡ್ವೋ..."

ಕಿವಿ ಪಕ್ಕದಲ್ಲೇ. ಹೆದರಿಸೋ ದನಿ ಅಲ್ಲ ಅದು. ದಣಿದು ಬೇಡಿಕೊಳ್ಳೋ ದನಿ. ಚಿಕ್ಕೋನು ಅಲ್ಲೇ ಎಚ್ಚರ ತಪ್ಪಿ ಬಿದ್ದ.

ಎಚ್ಚರ ಆದಾಗ ಹೊರಗೆ ಮಣ್ಣಿನ ಮೇಲೆ ಬಿದ್ದಿದ್ದ. ತಾನೇ ತೆವಳಿದ್ನೋ, ಯಾರಾದ್ರೂ ಎಳೆದ್ರೋ, ಇವತ್ತಿಗೂ ಅವನಿಗೆ ತಿಳೀದು. ಕುಲುಮೆ ಆರಿ ತಣ್ಣಗಾಗಿತ್ತು. ಒಳಗೆ ಹೋಗಿ ಬಾಗಿಲು ಪೂರಾ ತೆರೆದಿಟ್ಟು ಬರ್ನರ್ ಬಿಚ್ಚಿದ. ಗ್ಯಾಸು ಚಿಮ್ಮೋಕೆ ಒಳಗೊಂದು ಜೆಟ್ ಇರುತ್ತೆ, ಸೂಜಿ ಮೊನೆ ಹೋಗೋವಷ್ಟು ತೂತು. ಆ ತೂತಿಗೆ ಜೇಡರ ಬಲೆ ಕಟ್ಟಿಕೊಂಡಿತ್ತು. ಗ್ಯಾಸು ಸಾಲದೆ ಉರಿ ಹಿಂದಕ್ಕೆ ನೆಗೀತಿದ್ದದ್ದು ಅದಕ್ಕೇ. ಬೀಗ ಹಾಕಿದ ಮೇಲೆ ಕಟ್ಟಿದ್ದಿರಬೇಕು ಅಂತೀರಾ? ಅಲ್ಲ ಸ್ವಾಮಿ, ಆ ಬಲೆ ಮೇಲೆ ಹಳೇ ಮಸಿ ಪದರ ಪದರವಾಗಿ ಮೆತ್ತಿ ಗಟ್ಟಿಯಾಗಿತ್ತು. ಉಗುರಲ್ಲಿ ಕೆರೆದು ತೆಗೆದ.

ಅಲ್ಲೇ ಕೂತು ಅತ್ತ. ಅಣ್ಣನೂ ಗಾಳಿ ಕಾಟ ಅಂದ್ಕೊಂಡಿದ್ದ. ಒಂದೇ ನಿಮಿಷ ಅಂತಲೇ ಚಿಲಕ ಹಾಕಿದ್ದ.

ಮನೆಗೆ ಓಡಿದ. ಅತ್ತಿಗೆ ಕಣ್ಣು ಬಿಟ್ಕೊಂಡೇ ಮಲಗಿದ್ಲು.

"ಅತ್ತಿಗೆ, ಅಣ್ಣ ಸಾಯೋಕೆ ಬಾಗಿಲು ಹಾಕಿದ್ದಲ್ಲ. ಉರಿ ಸರಿ ಮಾಡೋಕೆ ಹಾಕಿದ್ದು. ನಾನೂ ಈಗ ಅದನ್ನೇ ಮಾಡ್ದೆ."

ಜೆಟ್ಟಿಂದ ಕೆರೆದು ತಂದಿದ್ದ ಕಪ್ಪು ಚೂರನ್ನ ಕೊಟ್ಟ. ಅವಳು ಅದನ್ನ ಅಂಗೈಲಿ ಇಟ್ಕೊಂಡು ನೋಡಿದ್ಲು.

"ಇಷ್ಟಕ್ಕಾ?"

"ಹೂಂ."

"ಉರಿ ಸರಿಯಾಗಿದ್ರೆ... ಮನೆಗೆ ಬರ್ತಿದ್ರಾ?"

"ಬರದೆ ಇನ್ನೆಲ್ಲಿಗೆ ಹೋಗ್ತಿದ್ದ ಅತ್ತಿಗೆ?"

ಆಗ ಅತ್ಲು ನೋಡಿ. ಗಂಡ ಸತ್ತ ದಿನವೂ ಒಂದು ಹನಿ ಹಾಕದವಳು ಬೀದಿಗೆಲ್ಲ ಕೇಳೋ ಹಾಗೆ ಗೋಳೋ ಅಂತ ಅತ್ಲು. ಎದೆ ಬಿರಿಯೋ ಬದಲು ಅಳು ಬಂತಲ್ಲ, ಅದೇ ಪುಣ್ಯ. ಆಮೇಲೆ ಅವಳನ್ನ ಬಾವಿ ಕಟ್ಟೆ ಮೇಲೆ ಯಾರೂ ಕಾಣಲಿಲ್ಲ.

ವಿಷ ತಲೆಗೇರಿ ಭ್ರಮೆ ಆಗಿರಬೇಕು ಅಂತೀರಿ, ಗೊತ್ತು ನಂಗೆ. ಅನ್ನಿ. ಆದ್ರೆ ಸಿಲಿಂಡರಿನ ವಾಲ್ವ್ ಮುಚ್ಚಿದ್ದು ಯಾರು? ಚಿಕ್ಕೋನು ಮುಚ್ಚಿರಲಿಲ್ಲ. ಮಾರನೇ ದಿನ ತಿರುಗಿಸೋಕೆ ಹೋದ್ರೆ ಕೈಗೆ ಜಗ್ಗಲೇ ಇಲ್ಲ. ಅಷ್ಟು ಬಿಗಿಯಾಗಿ ಮುಚ್ಚೋ ಕೈ ಆ ಮನೇಲಿ ಒಂದೇ ಇತ್ತು, ಅದಕ್ಕೇ ಅಣ್ಣನಿಗೆ ದಿನಾ ತಮ್ಮನಿಂದ ಬೈಗುಳ. ಸುಳ್ಳು ಹೇಳೋಕೆ ನಂಗೇನು ಬಂದಿದೆ? ವಾಲ್ವ್ ಬಿಚ್ಚೋಕೆ ಸ್ಪ್ಯಾನರ್ ತಂದುಕೊಟ್ಟಿದ್ದೇ ನಾನು.