ಹಿಂದಿನ ಸೀಟಿನ ಅರವತ್ತು ಕಿಲೋ

ಲೈಟು ಬೇಕಾದರೆ ಇರಲಿ, ಆದರೆ ದನಿ ತಗ್ಗಿಸಿ. ಇದು ಎಲ್ಲೋ ಕೇಳಿದ್ದಲ್ಲ... ನಮ್ಮ ಪಕ್ಕದ ಫ್ಲ್ಯಾಟಿನ ಸುಕೇಶನಿಗೇ ಆದದ್ದು. ಹೋದ ಚಳಿಗಾಲ, ಇದೇ ನೋಯ್ಡಾದಲ್ಲಿ. ಡೆಲ್ಲಿ ಕಡೆಯ ಕನ್ನಡಿಗರಲ್ಲಿ ನನ್ನಷ್ಟು ನಿಜ ಹೇಳುವವನು ಇನ್ನೊಬ್ಬನಿಲ್ಲ. ಜೀವನದಲ್ಲಿ ಸುಳ್ಳು ಹೇಳಿದ್ದು ಎರಡೇ ಸಲ, ಎರಡೂ ಸಲ ನಿಮ್ಮ ಅತ್ತೆಗೆ.

ರಾತ್ರಿ ಹನ್ನೊಂದೂವರೆ ದಾಟಿತ್ತು. ಸುಕೇಶ ಕರೋಲ್ ಬಾಗಿನ ಹೋಟೆಲು ಮುಚ್ಚಿ, ಕೊನೆಯ ಮೆಟ್ರೋ ಇಳಿದು ಮನೆಗೆ ನಡೆದು ಬರುತ್ತಿದ್ದ. ಕಾರು ಅಚ್ಚಪ್ಪನವರ ಗ್ಯಾರೇಜಿನಲ್ಲಿತ್ತು. ಮಂಜು ಎಂಥದ್ದೆಂದರೆ, ಅವನ ಕೈಗೂ ಅವನಿಗೂ ಪರಿಚಯ ತಪ್ಪಿಹೋಗಿತ್ತು. ನಮ್ಮ ಅಪಾರ್ಟ್‌ಮೆಂಟುಗಳ ನಡುವೆ ಹಿಂದಿದ್ದ ಹಳ್ಳಿಯ ಬಾವಿಯೊಂದು ಉಳಿದುಕೊಂಡಿದೆ, ಮೇಲೆ ಕಬ್ಬಿಣದ ಜಾಲರಿ. ಅದರ ಹತ್ತಿರ ಬಂದ. ಹಿಂದೆ ಸದ್ದು...

ಟಿಕ್ ಟಿಕ್ ಟಿಕ್ ಟಿಕ್... ಖ್ಖು. ಟಿಕ್ ಟಿಕ್ ಟಿಕ್ ಟಿಕ್... ಖ್ಖು.

ನಿಂತಲ್ಲೇ ಓಡುತ್ತಿರುವ ಎಂಜಿನ್. ನಾಲ್ಕು ಟಿಕ್ಕಿಗೆ ಒಂದು ಕೆಮ್ಮು. ಹಾಗೆ ಕೆಮ್ಮುವ ಕಾರು ಇಡೀ ನೋಯ್ಡಾದಲ್ಲಿ ಒಂದೇ. ಅವನದು.

ತಿರುಗಿ ನೋಡಿದ. ಕಾರಿಲ್ಲ. ಲೈಟಿಲ್ಲ. ಬಾವಿ, ಮಂಜು, ಅಷ್ಟೇ.

ಕ್ಲಕ್... ಕೀಂಯ್ಯ್... ಕಾರಿನ ಬಾಗಿಲು ತೆರೆದುಕೊಂಡಿತು. ಕಿವಿಯ ಪಕ್ಕದಲ್ಲೇ ಒಂದು ಪಿಸುಮಾತು.

“ಬನ್ನಿ ಸಾರ್.”

ಓಡಿದ ನೋಡಿ! ಲಿಫ್ಟು ಇದೆ ಎನ್ನುವುದೂ ನೆನಪಾಗದೆ ಹನ್ನೆರಡು ಮಹಡಿ ಹತ್ತಿದ. ಬಾಗಿಲು ಹಾಕಿಕೊಂಡು ಅತ್ತ. ಹೆದರಿಕೆಗಲ್ಲ. ಆ ದನಿ ಯಾರದ್ದೆಂದು ಅವನಿಗೆ ಗೊತ್ತಿತ್ತು.

ಅವನ ಅಪ್ಪ ಸಂಕಪ್ಪಣ್ಣ, ತೀರಿಕೊಂಡು ಮೂರು ತಿಂಗಳಾಗಿತ್ತು. ಮಂಗಳೂರಿನಿಂದ ಬಂದು ಕರೋಲ್ ಬಾಗಿನಲ್ಲಿ ದೋಸೆ ಹೋಟೆಲು ಕಟ್ಟಿದ ಮನುಷ್ಯ. ಆ ಬಿಳಿ ಪುಟ್ಟ ಕಾರು ಅವರದ್ದೇ. ಹಿಂದಿನ ಸೀಟಿನಲ್ಲಿ ಹಿಟ್ಟಿನ ಡ್ರಮ್ ಸಾಗಿಸಿ ಸಾಗಿಸಿ, ಕಾರಿಗೆ ಶಾಶ್ವತವಾಗಿ ಹುಳಿಹಿಟ್ಟಿನ ವಾಸನೆ. ಬಾಗಿಲು ತೆಗೆದರೆ ಯಾರಿಗಾದರೂ ಚಟ್ನಿ ಕೇಳಬೇಕು ಅನ್ನಿಸುತ್ತಿತ್ತು.

ಸುಕೇಶನ ಗೆಳೆಯ ಸುಶಾಂತ್ ಗ್ರೇಟರ್ ನೋಯ್ಡಾದಲ್ಲಿ ಫ್ಲ್ಯಾಟು ಕೊಂಡು ಪಾರ್ಟಿ ಕೊಟ್ಟಿದ್ದ. ತಾನು ಕುಡಿಯುವವನೆಂದು ಸುಕೇಶ ಕಾರು ಓಡಿಸಲು ಅಪ್ಪನನ್ನು ಕರೆದುಕೊಂಡು ಹೋದ. ಗೆಳೆಯರೆಲ್ಲ ದೊಡ್ಡ ದೊಡ್ಡ ಕಾರುಗಳಿಂದ ಇಳಿಯುತ್ತಿದ್ದರು. ಇವರದ್ದು ಕೆಮ್ಮುತ್ತಾ ಬಂತು. ಎಲ್ಲರೂ ನಕ್ಕರು. ಸುಶಾಂತ್ ಕೇಳಿದ, “ಯಾರೋ ಆ ಅಂಕಲ್?”

“ಡ್ರೈವರ್,” ಅಂದ ಸುಕೇಶ.

ಸಂಕಪ್ಪಣ್ಣನಿಗೆ ಕೇಳಿಸಿತು. ಅವರು ಮೇಲೆ ಬರಲಿಲ್ಲ. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಬೇರೆ ಡ್ರೈವರುಗಳ ಜೊತೆ ಕಾಗದದ ತಟ್ಟೆಯಲ್ಲಿ ಉಂಡರು. ಮೂರು ಗಂಟೆ ಕಾದರು. ಮಗ ಇಳಿದು ಬಂದಾಗ ಎದ್ದು, ಹಿಂದಿನ ಬಾಗಿಲು ತೆರೆದು ಹಿಡಿದರು.

“ಬನ್ನಿ ಸಾರ್.”

ತಮಾಷೆಯೋ, ನೋವೋ... ಮುಖದಿಂದ ಗೊತ್ತಾಗಲಿಲ್ಲ. ಸುಕೇಶ ಹಿಂದೆಯೇ ಕೂತ. ಇಪ್ಪತ್ತು ಕಿಲೋಮೀಟರು ಹಾಗೇ ಬಂದ. ನಾಳೆ ಕ್ಷಮೆ ಕೇಳೋಣ ಅಂದುಕೊಂಡ. ಆ ವಾರವೇ ಅವರಿಗೆ ಎದೆನೋವು ಬಂತು. ನಾಳೆ ಅನ್ನುವುದು ಉಳಿಯಲಿಲ್ಲ.

ಈ ಬುದ್ಧಿವಂತ ಆಮೇಲೆ ಮಾಡಿದ್ದೇನು? ಕಾರಿಗೆ ಎರಡರಷ್ಟು ಶಕ್ತಿಯ ಎಂಜಿನ್ ಕೂರಿಸಬೇಕೆಂದು ಹೊರಟ. ಮುಂದಿನ ಪಾರ್ಟಿಗೆ ಘರ್ರ್ ಅಂತ ಹೋಗಬೇಕು, ಯಾರೂ ನಗಬಾರದು. ಕಾರು ಜೋರಾದರೆ ತನ್ನ ನಾಚಿಕೆ ಹೋಗುತ್ತದೆ ಅಂತ ಅವನ ಲೆಕ್ಕ.

ಬಾವಿಯ ಹತ್ತಿರ ಆ ದನಿ ಕೇಳಿದ ಮಾರನೆಯ ಬೆಳಿಗ್ಗೆ ಗ್ಯಾರೇಜಿಗೆ ಹೋದ. ಅಚ್ಚಪ್ಪನವರು ಕೊಡಗಿನವರು, ಸೇನೆಯ ವರ್ಕ್‌ಶಾಪಿನಿಂದ ನಿವೃತ್ತರಾದವರು.

“ಆ ಎಂಜಿನ್ ಇದರಲ್ಲಿ ಕೂರುತ್ತಾ ಅಂಕಲ್?”

“ಕೂರಿಸಿದರೆ ಎಲ್ಲವೂ ಕೂರುತ್ತೆ. ಟ್ಯಾಂಕಿನ ಎಂಜಿನ್ ಬೇಕಾದರೂ ಕೂರಿಸ್ತೇನೆ, ನೀನು ಮಾತ್ರ ಹೊರಗೆ ಓಡಿಕೊಂಡು ಬರಬೇಕು.” ಅವರು ಕೈ ಒರೆಸಿಕೊಂಡರು. “ಓಡುತ್ತಾ ಅಂತ ಕೇಳಬೇಡ. ನಿಲ್ಲುತ್ತಾ ಅಂತ ಕೇಳು. ಶಕ್ತಿ ಎರಡರಷ್ಟಾದರೆ ಬ್ರೇಕು, ಗೇರ್‌ಬಾಕ್ಸು, ರೇಡಿಯೇಟರು, ಸಸ್ಪೆನ್ಷನ್ನು ಎಲ್ಲಾ ಬದಲಾಗಬೇಕು. ಆರ್‌ಟಿಒ ಒಪ್ಪಿ ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರು ಹತ್ತಿಸಬೇಕು. ಅದಕ್ಕೂ ಮೊದಲು ತೂಕ. ಆ ಎಂಜಿನ್ ನಲವತ್ತು ಕಿಲೋ ಹೆಚ್ಚು ಬರುತ್ತೆ. ಈಗ ಮುಂದಿನ ಚಕ್ರದ ಮೇಲೆ ಎಷ್ಟಿದೆ, ಹಿಂದೆ ಎಷ್ಟಿದೆ ತೂಗಿಸಿಕೊಂಡು ಬಾ. ನನ್ನ ಅಂದಾಜು ಮುಂದೆ ನಾನೂರ ಮೂವತ್ತು, ಹಿಂದೆ ಇನ್ನೂರ ತೊಂಬತ್ತು. ಆಮೇಲೆ ಹೇಳ್ತೇನೆ. ಕಾರು ಖಾಲಿ ಇರಲಿ. ನೀನೂ ಇಳಿ.”

ಲಾರಿ ತೂಗುವ ಜಾಗಕ್ಕೆ ಇಲ್ಲಿ ಧರಮ್ ಕಾಂಟಾ ಅನ್ನುತ್ತಾರೆ. ನೆಲಮಟ್ಟಕ್ಕೆ ದೊಡ್ಡ ಕಬ್ಬಿಣದ ಹಲಗೆ, ಪಕ್ಕದಲ್ಲಿ ಗಾಜಿನ ಕ್ಯಾಬಿನ್ನು, ಮೇಲೆ ಕೆಂಪು ಅಂಕಿ. ಅದೇ ರಾತ್ರಿ ಸುಕೇಶ ಹೋಟೆಲು ಮುಚ್ಚಿ, ಕಾರು ತಗೊಂಡು ಅಲ್ಲಿಗೆ ಮುಟ್ಟುವಾಗ ಹನ್ನೆರಡೂವರೆ. ಪಕ್ಕದ ಚಹಾ ಗಾಡಿಯಲ್ಲಿ ನಾಲ್ಕೈದು ಲಾರಿಯವರು ಬೆಂಕಿ ಕಾಯಿಸಿಕೊಳ್ಳುತ್ತಿದ್ದರು.

ಮುಂದಿನ ಚಕ್ರ ಮಾತ್ರ ಹಲಗೆಯ ಮೇಲೆ ನಿಲ್ಲಿಸಿ ಇಳಿದ. ಧಣ್... ಕಬ್ಬಿಣ ಅಲುಗಿತು. ನಾನೂರ ಮೂವತ್ತು. ಅಚ್ಚಪ್ಪನವರು ಹೇಳಿದ ಅಂದಾಜೇ.

ಆಮೇಲೆ ಹಿಂದಿನ ಚಕ್ರ. ಇನ್ನೂರ ತೊಂಬತ್ತು ಬರಬೇಕು. ಬಂದದ್ದು ಮುನ್ನೂರ ಐವತ್ತು.

ಕ್ಯಾಬಿನ್ನಿನ ಮೈಕು ಕರ್ರ್ ಅಂದಿತು. “ಭಯ್ಯಾ, ನೀನೊಬ್ಬ ಇಳಿದರೆ ಆಯ್ತಾ? ಹಿಂದೆ ಕೂತಿರೋ ನಿನ್ನ ಸಾಹೇಬರನ್ನೂ ಇಳಿಸು.”

“...ಯಾರನ್ನು?”

“ಅರೆ, ಬಿಳಿ ಅಂಗಿ, ವಯಸ್ಸಾದವರು! ಎಂಥಾ ಡ್ರೈವರಪ್ಪಾ ನೀನು? ಬಾಗಿಲು ತೆಗೀ ಅವರಿಗೆ!”

ಸುಕೇಶ ಹಿಂದಿನ ಗಾಜಿಗೆ ಕಣ್ಣು ಹಚ್ಚಿದ. ಯಾರೂ ಇಲ್ಲ. ಆದರೆ ಸೀಟಿನ ರೆಕ್ಸಿನ್... ಎಡಗಡೆ ಮಾತ್ರ ತಗ್ಗಾಗಿ ಕುಸಿದಿತ್ತು.

“ಅವರು ಸಾಹೇಬರಲ್ಲ,” ಅಂದ. “ನನ್ನ... ಅಪ್ಪ.”

“ಏನು? ಕೇಳಿಸ್ತಿಲ್ಲ!”

“ಅಪ್ಪ.”

“ಜೋರಾಗಿ ಹೇಳು ಭಯ್ಯಾ!”

“ನನ್ನ ಅಪ್ಪ!” ಕೂಗಿಯೇ ಬಿಟ್ಟ. ಬೆಂಕಿಯ ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ಒಬ್ಬನೂ ನಗಲಿಲ್ಲ. ಅಷ್ಟೇ ಆಗಿತ್ತು ನೋಡಿ ಅವತ್ತು ಪಾರ್ಟಿಯಲ್ಲಿ ಹೇಳಬೇಕಾಗಿದ್ದದ್ದು. ಎರಡು ಮಾತು.

ಹಿಂದಿನ ಬಾಗಿಲು ತೆರೆದ. ತಲೆ ತಾಗದ ಹಾಗೆ ಮೇಲೆ ಕೈ ಅಡ್ಡ ಹಿಡಿದ.

“ಇಳೀರಿ ಅಪ್ಪ... ತಪ್ಪಾಯ್ತು.”

ಏನೂ ಆಗಲಿಲ್ಲ. ಮಂಜು ಒಳಗೆ ನುಗ್ಗಿತು. ಅಡ್ಡ ಹಿಡಿದ ಕೈ ತೆಗೆಯಲಿಲ್ಲ. ಒಂದು ನಿಮಿಷ... ಎರಡು...

ಕಿರ್ರ್... ಟಂಗ್. ಕಾರಿನ ಹಿಂಭಾಗ ಮೆಲ್ಲಗೆ ಮೇಲೆದ್ದಿತು. ಕೆಂಪು ಅಂಕಿ ಇಳಿಯಿತು. ಮುನ್ನೂರ ನಲವತ್ತು... ಮುನ್ನೂರ ಹತ್ತು... ಇನ್ನೂರ ತೊಂಬತ್ತು.

“ಹಾಂ, ಈಗ ಸರಿ,” ಅಂದಿತು ಮೈಕು, ದಿನದ ಕೆಲಸ ಅನ್ನುವ ಹಾಗೆ. “ಕಾರು ಆಚೆ ನಿಲ್ಲಿಸಿ ಚೀಟಿ ತಗೊ.”

ಸುಕೇಶ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಅಚ್ಚಪ್ಪನವರಿಗೆ ಫೋನು ಮಾಡಿದ. ನಿದ್ದೆಗಣ್ಣಲ್ಲೇ ಅವರು ಅಂಕಿ ಕೇಳಿಕೊಂಡರು. “ಸರಿಯಾಗಿದೆಯಲ್ಲೋ. ಬ್ರೇಕು, ಸಸ್ಪೆನ್ಷನ್ನು ಬದಲಾಯಿಸಿದರೆ ಹೊಸ ಎಂಜಿನ್ ಹೊರುತ್ತೆ. ಮಾಡೋಣ.”

“ಬೇಡ ಅಂಕಲ್.”

“ಯಾಕೋ? ತಿಂಗಳಿಂದ ಅದಕ್ಕೇ ನನ್ನ ತಲೆ ತಿಂದೆ!”

“ಯಾರಿಗೆ ತೋರಿಸಬೇಕು ಅಂತ ಹೊರಟಿದ್ದೆನೋ... ನಾಚಿಕೆ ಆಗುತ್ತೆ ಅಂಕಲ್. ಬಿಟ್ಟುಬಿಡಿ.”

ಫೋನು ಇಡುವಷ್ಟರಲ್ಲಿ ಹಿಂದೆ ಜಗಳ ಶುರುವಾಯಿತು. ಅವನ ನಂತರ ಹಲಗೆ ಹತ್ತಿದ್ದು ಒಂದು ಲಾರಿ. ಡ್ರೈವರು ಕ್ಯಾಬಿನ್ನಿನ ಗಾಜು ಬಡಿಯುತ್ತಿದ್ದ, ಅರ್ಧ ಹಿಂದಿ, ಅರ್ಧ ಅಪ್ಪಟ ಕನ್ನಡ.

“ಈಗಷ್ಟೇ ಫ್ಯಾಕ್ಟರಿಯಲ್ಲಿ ತೂಗಿಸಿ ಬಂದಿದ್ದೇನೆ ಮಾರಾಯ! ಅದೇ ಸಾಮಾನು, ನಾನೊಬ್ಬನೇ. ಡೀಸೆಲ್ ಉರಿದು ಕಡಿಮೆ ಆಗಬೇಕು, ಜಾಸ್ತಿ ಹೇಗೆ ಬಂತು?”

ಸುಕೇಶ ನಂಬರ್ ಪ್ಲೇಟು ನೋಡಿದ. ಕೆಎ ಹತ್ತೊಂಬತ್ತು. ಮಂಗಳೂರಿನ ಲಾರಿ, ಊರಿಗೆ ಹೊರಟದ್ದು.

ಹತ್ತಿರ ಹೋದ. “ಅಣ್ಣ... ನಿಧಾನಕ್ಕೆ ಹೋಗಿ,” ಅಂದ ಅಷ್ಟೇ.

ನಗಬೇಡಿ, ನಡೆದದ್ದು ನಡೆದ ಹಾಗೆ ಹೇಳಿದ್ದೇನೆ. ಆ ಲಾರಿಯವನ ಎರಡೂ ಚೀಟಿಗಳ ಫೋಟೋ ಸುಕೇಶನ ಮೊಬೈಲಿನಲ್ಲಿದೆ, ಕನ್ನಡಕ ಹಾಕಿಕೊಂಡು ನಾನೇ ಓದಿದ್ದೇನೆ. ಒಂದೇ ಲಾರಿ, ಒಂದೇ ರಾತ್ರಿ, ನಡುವೆ ನಲವತ್ತು ನಿಮಿಷ. ಎರಡನೆಯ ಚೀಟಿಯಲ್ಲಿ ಅರವತ್ತು ಕಿಲೋ ಜಾಸ್ತಿ.