ಒಂದೇ ಕಡೆ ಎರಡು ಲೂಪು

ಬೆಳಿಗ್ಗೆ ಕುದೂರಿನಲ್ಲಿ ಗಾರ್ಮೆಂಟ್ಸ್ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರ ಮಾತಿದು. ಹೋಟೆಲುಗಳಿಗೆ ಸ್ನಾನದ ಗೌನು ಹೊಲಿಯುವವರು.

"ಸುಂದರಕ್ಕ, ನಿಮ್ಮೆಜಮಾನ್ರು ಗೌನು ಹಾಕ್ಕೊಂಡೇ ಡೈರಿಗೆ ಹಾಲು ತಂದಿದ್ರಂತೆ?"

"ಹೂಂ ಕಣೆ ಧನ. ಬೆಲ್ಟಿನ ಲೂಪು ಎರಡೂ ಒಂದೇ ಕಡೆ ಹಾಕ್ಬುಟ್ಟಿದ್ದೆ. ರಿಜೆಕ್ಟ್ ಆಯ್ತು. ಸೂಪರ್‌ವೈಸರ್ ಬೈದು ನಂಗೇ ಕೊಟ್ರು. ಚಳಿಗೆ ಬೆಚ್ಚಗೈತೆ ಅಂತ ಇವ್ರು ಬಿಚ್ಚಾಕಿಲ್ಲ."

"ನಮ್ಮನೇರೂ ಒಂದು ಬೇಕು ಅಂತಾವ್ರೆ."

"ಒಂದು ತೋಳು ಉದ್ದ ಹೊಲಿ, ಸಿಗ್ತದೆ."

"ಕೈ ಬರಾಕಿಲ್ಲ ಕಣಕ್ಕ. ಎಂಟು ವರ್ಷದಲ್ಲಿ ನನ್ನ ಒಂದು ಪೀಸೂ ವಾಪಸ್ ಬಂದಿಲ್ಲ."

"ಹಂಗಾದ್ರೆ ನಾನೇ ಇನ್ನೊಂದ್ಸಲ ಲೂಪು ತಪ್ಪು ಹಾಕಿ ಬೈಸ್ಕೊತೀನಿ. ಗೌನು ನಿಂಗೆ."

ಬಸ್ಸು ಬಂತು. ಮೆಟ್ಟಿಲು ಹತ್ತಿದ ಧನ ತಿರುಗಿದಳು.

"ಅಕ್ಕ, ಹೊಲಿಗೆ ಒಸಿ ಸಡಿಲವಾಗಿ ಹಾಕು. ಮನೇಲಿ ನಾನು ಬಿಚ್ಚಿ ಸರಿ ಮಾಡ್ಬೇಕು."